ಭತ್ತದ ಸೀಮೆಯ ಮಿಲ್ಲು ಷೇರುಪೇಟೆಗೆ ಯಾಕೆ ಹೋಗಲ್ಲ?

ನವೆಂಬರ್ ಬಂತೆಂದರೆ ಗಂಗಾವತಿ, ಕಾರಟಗಿ, ಸಿಂಧನೂರು ಕಡೆಯ ಅಕ್ಕಿ ಮಿಲ್ಲಿನವರಿಗೆ ದುಡ್ಡಿನದ್ದೇ ಚಿಂತೆ. ತುಂಗಭದ್ರೆಯ ನೀರಲ್ಲಿ ಬೆಳೆದ ಭತ್ತ ಎಲ್ಲರ ಗದ್ದೆಯಲ್ಲೂ ಹೆಚ್ಚುಕಮ್ಮಿ ಒಟ್ಟಿಗೇ ಕೊಯ್ಲಿಗೆ ಬರುತ್ತದೆ. ತಿಂಗಳುಗಟ್ಟಲೆ ಅರೆಯಲು ಬೇಕಾದ ಭತ್ತವನ್ನು ಕೆಲವೇ ವಾರಗಳಲ್ಲಿ ಕೊಂಡು ಗೋದಾಮಿಗೆ ಹಾಕಬೇಕು. ರೈತರಿಗೆ ದುಡ್ಡು ಬೇಗ ಕೊಡಬೇಕು. ಅಕ್ಕಿ ಮಾರಿದ ದುಡ್ಡು ಮಾತ್ರ ಊರೂರಿನ ಸಗಟು ವ್ಯಾಪಾರಿಗಳ ಕೈಯಿಂದ ನಿಧಾನಕ್ಕೆ ಬರುತ್ತದೆ. ನಡುವಿನ ಅಂತರವನ್ನು ಬ್ಯಾಂಕಿನ ಸಿಸಿ ಖಾತೆ (ಮಿತಿಯೊಳಗೆ ಬೇಕಾದಾಗ ತೆಗೆದು ಕಟ್ಟುವ ಸಾಲ), ನೆಂಟರ ಕೈಸಾಲ, ಅಡತಿ ಅಂಗಡಿಯ ಉದ್ರಿ ಎಲ್ಲ ಸೇರಿ ತುಂಬುತ್ತವೆ. ಸಿಸಿ ಮಿತಿ ಜಾಸ್ತಿ ಮಾಡಿ ಅಂದರೆ ಬ್ಯಾಂಕಿನವರು ಇನ್ನೊಂದು ಆಸ್ತಿ ಅಡ ಇಡಿ ಅನ್ನುತ್ತಾರೆ.

ಹೀಗಿರುವಾಗ ಬಡ್ಡಿಯಿಲ್ಲದ, ಅಡಮಾನವಿಲ್ಲದ ದುಡ್ಡು ಷೇರುಪೇಟೆಯಲ್ಲಿ ಸಿಗುತ್ತದೆ ಅಂದರೆ ಯಾರಿಗೆ ಆಸೆಯಾಗುವುದಿಲ್ಲ? 2023-24ರ ಒಂದೇ ವರ್ಷದಲ್ಲಿ ದೇಶದ ಸಣ್ಣ ಮತ್ತು ಮಧ್ಯಮ ಕಂಪನಿಗಳು ಎಸ್‌ಎಂಇ ಐಪಿಒಗಳ (ಸಣ್ಣ ಕಂಪನಿಗಳು ಮೊದಲ ಸಲ ಜನರಿಗೆ ಷೇರು ಮಾರುವುದು) ಮೂಲಕ ಸುಮಾರು 6,000 ಕೋಟಿ ರೂಪಾಯಿ ಎತ್ತಿದವು. ಆ ವರ್ಷ ಹಾಗೆ ಬಂದ ಕಂಪನಿಗಳು 196. ಅವುಗಳಲ್ಲಿ ಗುಜರಾತ್, ಮಹಾರಾಷ್ಟ್ರದ್ದೇ ದೊಡ್ಡ ಪಾಲು. ಕೊಪ್ಪಳ, ರಾಯಚೂರು, ಬಳ್ಳಾರಿಯ ಮಿಲ್ಲಿನವರಿಗೂ ಜೀನ್ಸ್ ಯೂನಿಟ್‌ನವರಿಗೂ ಇದು ಯೂಟ್ಯೂಬಿನಲ್ಲಿ ನೋಡುವ ಸುದ್ದಿಯಷ್ಟೇ.

ನಮ್ಮ ನೆಲದಲ್ಲಿ ಷೇರುಪೇಟೆಗೆ ಹೋದವರೇ ಇಲ್ಲ ಅಂತಲ್ಲ. ತೋರಣಗಲ್ಲಿನಲ್ಲಿ ಕಾರ್ಖಾನೆ ಇರುವ ಜೆಎಸ್‌ಡಬ್ಲ್ಯು ಸ್ಟೀಲ್, 1954ರಲ್ಲಿ ಶುರುವಾದ ಸಂಡೂರು ಮ್ಯಾಂಗನೀಸ್, ಕೊಪ್ಪಳದ ಹತ್ತಿರ ಬೇವಿನಹಳ್ಳಿಯ ಕಿರ್ಲೋಸ್ಕರ್ ಫೆರಸ್, ಎಲ್ಲವೂ ಷೇರುಪೇಟೆಯಲ್ಲಿರುವ ಕಂಪನಿಗಳೇ. ಆದರೆ ಅವೆಲ್ಲ ಭಾರಿ ಬಂಡವಾಳದ, ಮೊದಲಿಂದಲೂ ಕಂಪನಿಯಾಗಿಯೇ ಹುಟ್ಟಿದ ಉದ್ಯಮಗಳು. ಪ್ರಶ್ನೆ ಇರುವುದು ಕೆಳಗಿನ ಸಾಲಿನವರದ್ದು. ವರ್ಷಕ್ಕೆ ನಲವತ್ತು-ಐವತ್ತು ಕೋಟಿ ವಹಿವಾಟು ಮಾಡುವ ಅಕ್ಕಿ ಮಿಲ್ಲು, ಹತ್ತಿ ಜಿನ್ನಿಂಗ್ ಫ್ಯಾಕ್ಟರಿ, ಚಿಕ್ಕ ಸ್ಪಾಂಜ್ ಐರನ್ ಘಟಕ. ಇವರಿಗೆ ಅಡ್ಡ ಬರುತ್ತಿರುವುದು ಏನು?

ಷೇರುಪೇಟೆಯ ನಿಯಂತ್ರಕ, ಮುಂಬೈಯ ಸೆಬಿ ನಿಯಮ ಬಿಗಿ ಮಾಡಿತು, ಅದೇ ಕಾರಣ ಅನ್ನುವ ಮಾತು ಜಾಸ್ತಿ ಕೇಳುತ್ತದೆ. ಅರ್ಧ ನಿಜ. ನನ್ನ ಪ್ರಕಾರ ದೊಡ್ಡ ತಡೆ ಇರುವುದು ಮುಂಬೈನಲ್ಲಲ್ಲ, ಮಿಲ್ಲಿನ ಲೆಕ್ಕದ ಕೋಣೆಯಲ್ಲಿ. ಅದಕ್ಕೆ ಮಿಲ್ಲಿನವರನ್ನು ಮಾತ್ರ ದೂರಿದರೂ ತಪ್ಪಾಗುತ್ತದೆ.

ಸಣ್ಣವರಿಗೆ ಬೇರೆ ಬಾಗಿಲು ಬೇಕು ಅನ್ನುವ ಯೋಚನೆ ಹೊಸದಲ್ಲ. 1990ರಲ್ಲಿ ಒಟಿಸಿಇಐ ಅಂತ ಒಂದು ವಿನಿಮಯ ಕೇಂದ್ರವನ್ನು ಚಿಕ್ಕ ಕಂಪನಿಗಳಿಗಾಗಿಯೇ ಹುಟ್ಟುಹಾಕಿದರು. ಕೊಳ್ಳುವವರು, ಮಾರುವವರು ಸಾಕಷ್ಟು ಸಿಗದೆ ಅದು ಸೊರಗಿತು, 2015ರಲ್ಲಿ ಮಾನ್ಯತೆಯೂ ಹೋಯಿತು. ರಾಜ್ಯದ ಕಂಪನಿಗಳಿಗೆ ಹತ್ತಿರದಲ್ಲಿದ್ದ, 1963ರಲ್ಲಿ ಶುರುವಾದ ಬೆಂಗಳೂರು ಷೇರು ವಿನಿಮಯ ಕೇಂದ್ರವೂ 2014ರ ಡಿಸೆಂಬರ್‌ನಲ್ಲಿ ಮುಚ್ಚಿತು. ಈಗ ಉಳಿದಿರುವುದು ಮುಂಬೈಯ ಎರಡು ದೊಡ್ಡ ವಿನಿಮಯ ಕೇಂದ್ರಗಳು 2012ರಲ್ಲಿ ಶುರು ಮಾಡಿದ ಸಣ್ಣವರ ವಿಭಾಗಗಳಾದ ಬಿಎಸ್‌ಇ ಎಸ್‌ಎಂಇ ಮತ್ತು ಎನ್‌ಎಸ್‌ಇ ಎಮರ್ಜ್. ಐಪಿಒ ಆದ ಮೇಲೆ ಪಾವತಿಯಾದ ಬಂಡವಾಳ (ಷೇರುಗಳ ಮುಖಬೆಲೆಯ ಒಟ್ಟು ಮೊತ್ತ) 25 ಕೋಟಿ ರೂಪಾಯಿ ಮೀರದ ಕಂಪನಿಗಳಿಗೆ ಇವು. ಐಪಿಒಗೆ ಮುಂಚೆ ಕಂಪನಿ ತನ್ನ ವಿವರವೆಲ್ಲ ಬರೆದು ಇಲ್ಲಿ ಸಲ್ಲಿಸುವ ಕರಡು ಪತ್ರವನ್ನು ಸೆಬಿ ಕೂತು ಪರಿಶೀಲಿಸುವುದಿಲ್ಲ, ಆ ಕೆಲಸ ವಿನಿಮಯ ಕೇಂದ್ರದ್ದೇ. ಸಣ್ಣವರಿಗೆ ಕೊಟ್ಟ ದೊಡ್ಡ ರಿಯಾಯಿತಿ ಅದು.

ಈಗ ಲೆಕ್ಕದ ಕೋಣೆಗೆ ಬರೋಣ. ನಮ್ಮ ಕಡೆಯ ಒಂದು ಮಾಮೂಲಿ ಮಿಲ್ಲು ಅಂದುಕೊಳ್ಳಿ. ಮಿಲ್ಲು ಅಣ್ಣನ ಹೆಸರಲ್ಲಿದೆ. ಭತ್ತ ಕೊಳ್ಳುವ ಟ್ರೇಡಿಂಗ್ ಫರ್ಮ್ ತಮ್ಮನದು. ಲಾರಿಗಳು ಅತ್ತಿಗೆಯ ಹೆಸರಲ್ಲಿ. ಮಿಲ್ಲು ನಿಂತ ಜಾಗ ಇನ್ನೂ ತೀರಿಹೋದ ಅಪ್ಪನ ಹೆಸರಲ್ಲೇ ಇದೆ, ವಾರಸುದಾರರ ಹೆಸರಿಗೆ ಆಗಿಲ್ಲ. ತಂಗಿಯ ಮದುವೆಗೆ ದುಡ್ಡು ಬೇಕಾದಾಗ ಗಲ್ಲಾದಿಂದ ಹೋಯಿತು. ವ್ಯಾಪಾರ ಬಿಗಿಯಾದಾಗ ಚಿಕ್ಕಪ್ಪನ ದುಡ್ಡು ಒಳಗೆ ಬಂತು. ವರ್ಷದ ಕೊನೆಗೆ ಆಡಿಟರ್ ಇದನ್ನೆಲ್ಲ ಜೋಡಿಸಿ ನಾಲ್ಕು ಕಡೆ ರಿಟರ್ನ್ಸ್ ಹಾಕುತ್ತಾರೆ. ಮನೆಯವರಿಗೆ ಇದು ಒಂದೇ ವ್ಯವಹಾರ. ಕಾಗದದಲ್ಲಿ ನಾಲ್ಕು.

ಷೇರುಪೇಟೆಗೆ ಬೇಕಿರುವುದು ಒಂದೇ ಪಬ್ಲಿಕ್ ಲಿಮಿಟೆಡ್ ಕಂಪನಿ. ಒಡೆತನದ ಅಂಗಡಿಯನ್ನೋ ಪಾಲುದಾರಿಕೆ ಫರ್ಮನ್ನೋ ಕಂಪನಿ ಮಾಡಿದ್ದರೆ, ಹಾಗೆ ಮಾಡಿ ಕನಿಷ್ಠ ಒಂದು ಪೂರ್ತಿ ಹಣಕಾಸು ವರ್ಷ ಕಳೆದ ಮೇಲೆಯೇ ಕರಡು ಸಲ್ಲಿಸಬೇಕು ಅನ್ನುತ್ತದೆ 2025ರ ತಿದ್ದುಪಡಿ. ತಮ್ಮನ ಟ್ರೇಡಿಂಗ್ ಫರ್ಮಿನ ಜೊತೆ ನಡೆದ ಪ್ರತಿ ವಹಿವಾಟನ್ನೂ ಹೂಡಿಕೆದಾರರಿಗೆ ಕೊಡುವ ವಿವರಪತ್ರವಾದ ಪ್ರಾಸ್ಪೆಕ್ಟಸ್‌ನಲ್ಲಿ ತೋರಿಸಬೇಕು. ಜಾಗ ಕಂಪನಿಯದಲ್ಲದಿದ್ದರೆ ಯಾರದು, ಬಾಡಿಗೆ ಕರಾರು ಏನು ಅಂತ ಬರೆಯಬೇಕು. ಬಾಕಿ ಇರುವ ಕೇಸು, ತೆರಿಗೆ ನೋಟಿಸು, ಎಲ್ಲವೂ ಹೊರಗೆ ಬರಬೇಕು. ಇದನ್ನು ಮುಂಬೈಯ ಹೂಡಿಕೆದಾರ ಓದುತ್ತಾನೋ ಇಲ್ಲವೋ, ಪಕ್ಕದ ಮಿಲ್ಲಿನವನಂತೂ ಖಂಡಿತ ಓದುತ್ತಾನೆ! ಯಾವ ವ್ಯಾಪಾರಿಗೆ ಎಷ್ಟು ಮಾರುತ್ತೀರಿ, ಎಷ್ಟು ದಿನ ಉದ್ರಿ ಕೊಡುತ್ತೀರಿ ಅನ್ನುವುದರ ಸುಳಿವೂ ಅವನಿಗೆ ಸಿಗುತ್ತದೆ. ಊರಲ್ಲಿ ಮುಖ ಮುಖ ನೋಡಿಕೊಂಡು ವ್ಯಾಪಾರ ಮಾಡುವವರಿಗೆ ಇದು ಚಿಕ್ಕ ವಿಷಯ ಅಲ್ಲ.

ಆ ಚಿಕ್ಕಪ್ಪನ ದುಡ್ಡಿನ ವಿಷಯ ಇನ್ನೂ ಇದೆ. ಮನೆಯವರು ಹಾಕಿದ ಇಂಥ ಹಣ ಬ್ಯಾಲೆನ್ಸ್ ಶೀಟಿನಲ್ಲಿ ಅಡಮಾನವಿಲ್ಲದ ಸಾಲ ಅಂತ ಕೂತಿರುತ್ತದೆ. ಐಪಿಒ ಬಂದರೆ ಮೊದಲು ಅದನ್ನು ತೀರಿಸಿ ಮನೆಯವರ ಋಣ ಕಳೆದುಕೊಳ್ಳೋಣ ಅಂತ ಯಾರಿಗಾದರೂ ಅನಿಸುತ್ತದೆ. ಆದರೆ ಹೊಸ ನಿಯಮದಲ್ಲಿ ಕಂಪನಿ ಕಟ್ಟಿ ನಡೆಸುವ ಪ್ರಮೋಟರ್‌ಗಳು, ಅವರ ಬಳಗದವರು ಕೊಟ್ಟ ಸಾಲವನ್ನು ಐಪಿಒ ದುಡ್ಡಿನಿಂದ ತೀರಿಸುವ ಹಾಗೇ ಇಲ್ಲ. ಸಾಮಾನ್ಯ ಖರ್ಚಿಗೆ ಅಂತ ಇಟ್ಟುಕೊಳ್ಳುವ ಹಣಕ್ಕೂ ಮಿತಿ ಇದೆ: ಎತ್ತಿದ ಹಣದ ಶೇ 15 ಅಥವಾ 10 ಕೋಟಿ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಹೂಡಿಕೆದಾರರ ಕಡೆಯಿಂದ ನೋಡಿದರೆ ಇವು ನ್ಯಾಯವಾದ ನಿಯಮಗಳೇ. ನಮ್ಮ ದುಡ್ಡು ನಿಮ್ಮ ಚಿಕ್ಕಪ್ಪನಿಗೆ ಯಾಕೆ ಹೋಗಬೇಕು ಅಂತ ಅವರು ಕೇಳಿದರೆ ಉತ್ತರ ಕೊಡುವುದು ಕಷ್ಟ.

ಇನ್ನು ಲಾಭ. ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಯಾವುದಾದರೂ ಎರಡರಲ್ಲಿ ಕಂಪನಿಯ ಕಾರ್ಯಾಚರಣೆ ಲಾಭ ಕನಿಷ್ಠ 1 ಕೋಟಿ ಇರಬೇಕು. ಇದು ಬಡ್ಡಿ, ಸವಕಳಿ, ತೆರಿಗೆ ಕಳೆಯುವ ಮುಂಚಿನ ಲಾಭ. ಸಾಲದ ಹೊರೆ ಇರುವವರಿಗೆ ಅಷ್ಟರ ಮಟ್ಟಿಗೆ ಅನುಕೂಲ. ಆದರೂ ಅಕ್ಕಿ ವ್ಯಾಪಾರದಲ್ಲಿ ಉಳಿಯುವುದು ಕಡಿಮೆ. ನೂರು ರೂಪಾಯಿಗೆ ಎರಡು ರೂಪಾಯಿ ಉಳಿಯುತ್ತದೆ ಅಂತ ಇಟ್ಟುಕೊಳ್ಳಿ, ಒಂದು ಕೋಟಿ ಲಾಭಕ್ಕೆ 50 ಕೋಟಿ ವಹಿವಾಟು ಬೇಕು. ಅದೂ ಪಕ್ಕಾ ಬಿಲ್ಲಿನ ವಹಿವಾಟು. ಕಚ್ಚಾ ಚೀಟಿಯಲ್ಲಿ ನಡೆದದ್ದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ತಮಾಷೆ ಏನೆಂದರೆ, ಲಾಭ ಕಡಿಮೆ ತೋರಿಸುವುದೇ ಜಾಣತನ ಅಂತ ಎರಡು ತಲೆಮಾರು ನಂಬಿಕೊಂಡು ಬಂದ ವ್ಯಾಪಾರಕ್ಕೆ ಈಗ ಲಾಭ ಜಾಸ್ತಿ ತೋರಿಸು ಅಂತ ಹೇಳಬೇಕಾಗಿದೆ. ತೆರಿಗೆಯ ಹೆದರಿಕೆ ಪೂರ್ತಿ ಸರಿಯೂ ಅಲ್ಲ. ಪಾಲುದಾರಿಕೆ ಫರ್ಮಿಗೆ ಆದಾಯ ತೆರಿಗೆ ಶೇ 30. ವಿನಾಯಿತಿಗಳನ್ನು ಬಿಟ್ಟುಕೊಡಲು ಒಪ್ಪುವ ಕಂಪನಿಗೆ ಶೇ 22, ಸರ್ಚಾರ್ಜ್ ಮತ್ತು ಸೆಸ್ ಸೇರಿ ಸುಮಾರು ಶೇ 25.17. ಅಂದರೆ ಕಂಪನಿಯಾದರೆ ದರ ಕಡಿಮೆಯೇ. ಆದರೆ ಫರ್ಮಿನಲ್ಲಿ ತೆರಿಗೆ ಕಟ್ಟಿದ ಮೇಲೆ ಉಳಿದ ಲಾಭವನ್ನು ಪಾಲುದಾರರು ಮನೆಗೆ ಒಯ್ಯಬಹುದು, ಅದಕ್ಕೆ ಮತ್ತೆ ತೆರಿಗೆ ಇಲ್ಲ. ಕಂಪನಿಯಿಂದ ಡಿವಿಡೆಂಡ್ ತೆಗೆದರೆ ಅದಕ್ಕೆ ತೆಗೆದುಕೊಂಡವರ ಕೈಯಲ್ಲಿ ಇನ್ನೊಮ್ಮೆ ತೆರಿಗೆ. ಗಲ್ಲಾಕ್ಕೆ ಕೈ ಹಾಕಿ ಅಭ್ಯಾಸವಾದವರಿಗೆ ಇರಿಸುಮುರಿಸಾಗುವುದು ಇಲ್ಲೇ.

ಇಷ್ಟೆಲ್ಲ ಸರಿಮಾಡಿಕೊಂಡು ಒಬ್ಬರು ಹೊರಟರು ಅಂದುಕೊಳ್ಳಿ. ಈಗ ಖರ್ಚು. ಐಪಿಒ ನಡೆಸಿಕೊಡುವ ಮರ್ಚೆಂಟ್ ಬ್ಯಾಂಕರ್, ಅರ್ಜಿ-ಹಂಚಿಕೆ ನೋಡಿಕೊಳ್ಳುವ ರಿಜಿಸ್ಟ್ರಾರ್, ವಕೀಲರು, ಜಾಹೀರಾತು, ಪೀರ್ ರಿವ್ಯೂ ಪ್ರಮಾಣಪತ್ರ ಇರುವ ಆಡಿಟರ್, ಪೂರ್ತಿ ಹೊತ್ತಿನ ಕಂಪನಿ ಸೆಕ್ರೆಟರಿ, ಸ್ವತಂತ್ರ ನಿರ್ದೇಶಕರು. ಕಾರಟಗಿಯಲ್ಲಿ ಬಂದು ನೆಲೆಸುವ ಕಂಪನಿ ಸೆಕ್ರೆಟರಿಯನ್ನು ಹುಡುಕುವುದೇ ಒಂದು ಸಾಹಸ ಅಲ್ವಾ? ಈ ಖರ್ಚಿನಲ್ಲಿ ಹೆಚ್ಚಿನದು ಎತ್ತುವ ಹಣ ಚಿಕ್ಕದು ಅಂತ ಚಿಕ್ಕದಾಗುವುದಿಲ್ಲ. ಲೆಕ್ಕಕ್ಕೆ ಒಂದು ಕೋಟಿ ಅಂತ ಹಿಡಿಯಿರಿ. ಮೂವತ್ತು ಕೋಟಿ ಎತ್ತುವವನಿಗೆ ಅದು ನೂರಕ್ಕೆ ಮೂರು ಚಿಲ್ಲರೆ. ಹೊಸ ಡ್ರೈಯರ್, ಅಕ್ಕಿ ಆರಿಸುವ ಸಾರ್ಟೆಕ್ಸ್ ಯಂತ್ರ ಹಾಕಲು ಮೂರು ಕೋಟಿ ಬೇಕಾದವನಿಗೆ ನೂರಕ್ಕೆ ಮೂವತ್ತಮೂರು. ಇಂಥವನಿಗೆ ಷೇರುಪೇಟೆ ದಾರಿಯೇ ಅಲ್ಲ. ಮರ್ಚೆಂಟ್ ಬ್ಯಾಂಕರ್‌ಗಳ ಕೈಯೂ ಕಡಿಮೆ ಉದ್ದ ಇಲ್ಲ. ಮಾಮೂಲಿ ಶೇ 1ರಿಂದ 3ರಷ್ಟು ಇರುವ ಶುಲ್ಕದ ಬದಲು, ಎತ್ತಿದ ಹಣದ ಶೇ 15ರಷ್ಟನ್ನು ಕೆಲವರು ವಸೂಲಿ ಮಾಡಿದ್ದಾರೆ, ಸೆಬಿ ಅದನ್ನು ತನಿಖೆ ಮಾಡುತ್ತಿದೆ ಅಂತ 2024ರ ಅಕ್ಟೋಬರ್‌ನಲ್ಲಿ ರಾಯ್ಟರ್ಸ್ ವರದಿ ಮಾಡಿತ್ತು.

ಇನ್ನೊಂದು ಕಡೆ, ಮರ್ಚೆಂಟ್ ಬ್ಯಾಂಕರ್‌ಗೂ ಅಪಾಯ ಇದೆ. ಎಸ್‌ಎಂಇ ಐಪಿಒದಲ್ಲಿ ಪೂರ್ತಿ ಮೊತ್ತಕ್ಕೆ ಅಂಡರ್‌ರೈಟಿಂಗ್ ಕಡ್ಡಾಯ. ಅಂದರೆ ಷೇರು ಹೋಗದಿದ್ದರೆ ಇಂತಿಂಥವರು ಕೊಳ್ಳುತ್ತಾರೆ ಅನ್ನುವ ಹೊಣೆ. ಅದರಲ್ಲಿ ಕನಿಷ್ಠ ಶೇ 15 ಮರ್ಚೆಂಟ್ ಬ್ಯಾಂಕರ್‌ದೇ ತಲೆಮೇಲೆ. ಜೊತೆಗೆ ಲಿಸ್ಟ್ ಆದಮೇಲೆ (ಷೇರು ಪೇಟೆಯಲ್ಲಿ ವ್ಯಾಪಾರಕ್ಕೆ ಬಂದಮೇಲೆ) ಮೂರು ವರ್ಷ ಒಬ್ಬ ಮಾರ್ಕೆಟ್ ಮೇಕರ್ ಕೊಳ್ಳುವ, ಮಾರುವ ಬೆಲೆ ಎರಡನ್ನೂ ಕೊಡುತ್ತಾ ಇರಬೇಕು. ಇಷ್ಟು ಹೊಣೆ ಹೊರುವವನು ತನಗೆ ಗೊತ್ತಿರುವ ಊರಿನ, ಗೊತ್ತಿರುವ ಜನರ ಕಂಪನಿಯನ್ನೇ ಹುಡುಕುತ್ತಾನೆ. ಅಹಮದಾಬಾದು, ಸೂರತ್ತು, ರಾಜಕೋಟೆಯ ಕಡೆ ಅಂಥ ಪರಿಚಯ, ಷೇರಿನ ಅಭ್ಯಾಸ ಎರಡೂ ಹಳೆಯವು. ನಮ್ಮ ಕಡೆ ಆಡಿಟರ್‌ಗೂ ಗ್ರಾಹಕನಿಗೂ ನಡುವೆ ಐಪಿಒ ಮಾತು ಬರುವುದೇ ಅಪರೂಪ.

ಇನ್ನು ಆ ಬಿಗಿಯಾದ ನಿಯಮಗಳ ಕಥೆ. ಅವು ಸುಮ್ನೆ ಬಂದವಲ್ಲ. 2024ರ ಆಗಸ್ಟ್‌ನಲ್ಲಿ ದೆಹಲಿಯ ರಿಸೋರ್ಸ್‌ಫುಲ್ ಆಟೊಮೊಬೈಲ್ ಅನ್ನುವ ಕಂಪನಿ ಐಪಿಒಗೆ ಬಂತು. ಇದ್ದದ್ದು ಎರಡು ಯಮಾಹಾ ಬೈಕ್ ಶೋರೂಂ, ಎಂಟು ಜನ ನೌಕರರು. ಕೇಳಿದ್ದು ಸುಮಾರು 12 ಕೋಟಿ. ಬಂದ ಅರ್ಜಿಗಳ ಮೊತ್ತ ಸುಮಾರು 4,800 ಕೋಟಿ. ಕಂಪನಿ ತಪ್ಪು ಮಾಡಿತು ಅಂತ ಇಲ್ಲಿ ಹೇಳುತ್ತಿಲ್ಲ, ಹುಚ್ಚು ಹಿಡಿದದ್ದು ಅರ್ಜಿ ಹಾಕಿದವರಿಗೆ. ಟ್ರಾಫಿಕ್‌ಸೋಲ್ ಅನ್ನುವ ಕಂಪನಿಯದು ಬೇರೆ ಕಥೆ. ಸುಮಾರು 45 ಕೋಟಿ ಎತ್ತಿದ ಮೇಲೆ 2024ರ ಸೆಪ್ಟೆಂಬರ್‌ನಲ್ಲಿ ಅದರ ಲಿಸ್ಟಿಂಗನ್ನೇ ಬಿಎಸ್‌ಇ ತಡೆಯಿತು. ಸಾಫ್ಟ್‌ವೇರ್ ಕೊಳ್ಳುತ್ತೇವೆ ಅಂತ ಕಂಪನಿ ತೋರಿಸಿದ್ದ ಮಾರಾಟಗಾರ ಬರೀ ಕಾಗದದ ಸಂಸ್ಥೆ ಅಂತ ಸೆಬಿ ಹೇಳಿತು. ಡಿಸೆಂಬರ್‌ನಲ್ಲಿ ಹೂಡಿಕೆದಾರರಿಗೆ ದುಡ್ಡು ವಾಪಸ್ ಕೊಡಲು ಆದೇಶವಾಯಿತು. ಲಿಸ್ಟಿಂಗ್ ದಿನ ಬೆಲೆ ಐಪಿಒ ಬೆಲೆಯ ಮೇಲೆ ಶೇ 90ಕ್ಕಿಂತ ಜಾಸ್ತಿ ಏರಿ ತೆರೆದುಕೊಳ್ಳಬಾರದು ಅಂತ ಎನ್‌ಎಸ್‌ಇ ಅದೇ ವರ್ಷದ ಜುಲೈನಲ್ಲಿ ಮಿತಿ ಹಾಕಿತ್ತು. ಮಿತಿ ಹಾಕುವ ಪರಿಸ್ಥಿತಿ ಬಂದಿತ್ತು ಅಂದಮೇಲೆ ಆಟ ಹೇಗಿತ್ತು ಅಂತ ಊಹಿಸಬಹುದು.

ಇದಾದ ಮೇಲೆ 2024ರ ಡಿಸೆಂಬರ್‌ನಲ್ಲಿ ಸೆಬಿ ಮಂಡಳಿ ಒಪ್ಪಿ, 2025ರ ಮಾರ್ಚ್‌ನಲ್ಲಿ ನಿಯಮಗಳು ಜಾರಿಗೆ ಬಂದವು. ಒಂದು ಕೋಟಿ ಲಾಭದ ಷರತ್ತು ಅಲ್ಲಿಂದಲೇ ಬಂದದ್ದು. ಹಳೆಯ ಷೇರುದಾರರು ತಮ್ಮ ಪಾಲು ಮಾರಿಕೊಳ್ಳುವುದು ಇಶ್ಯೂ ಮೊತ್ತದ ಶೇ 20 ದಾಟಬಾರದು. ಕರಡನ್ನು 21 ದಿನ ಜನರ ಮುಂದೆ ಇಡಬೇಕು. ಷೇರು ಹಂಚಿಕೆಯಾಗುವವರು ಕನಿಷ್ಠ 200 ಜನ ಇರಬೇಕು, ಮುಂಚೆ 50 ಸಾಕಿತ್ತು. ಇವುಗಳಲ್ಲಿ ಹೆಚ್ಚಿನವಕ್ಕೆ ನನ್ನ ತಕರಾರಿಲ್ಲ. ನಿಜವಾಗಿ ದುಡಿಯುವ ಮಿಲ್ಲಿಗೆ ಒಂದು ಕೋಟಿಯ ಷರತ್ತು ಕಷ್ಟವಿರಬಹುದು, ಅನ್ಯಾಯವಲ್ಲ.

ತಕರಾರು ಇರುವುದು ಒಂದಕ್ಕೆ. ಈಗ ಎಸ್‌ಎಂಇ ಐಪಿಒಗೆ ಅರ್ಜಿ ಹಾಕಬೇಕಾದರೆ ಕನಿಷ್ಠ ಎರಡು ಲಾಟ್ (ಒಟ್ಟಿಗೇ ಕೊಳ್ಳಬೇಕಾದ ಷೇರಿನ ಕಟ್ಟು), ಎರಡು ಲಕ್ಷ ರೂಪಾಯಿಗಿಂತ ಜಾಸ್ತಿ ಹಾಕಬೇಕು. ಮುಂಚೆ ಒಂದು ಲಕ್ಷ ಇತ್ತು. ತಿಳಿಯದೆ ಕೈ ಸುಟ್ಟುಕೊಳ್ಳುವ ಸಣ್ಣ ಹೂಡಿಕೆದಾರರನ್ನು ದೂರ ಇಡಬೇಕು ಅನ್ನುವುದು ಉದ್ದೇಶ. ಉದ್ದೇಶ ಒಳ್ಳೆಯದೇ. ಆದರೆ ಗಂಗಾವತಿಯ ಒಂದು ಮಿಲ್ಲಿನ ಬಗ್ಗೆ ನಿಜಕ್ಕೂ ತಿಳಿದವರು ಯಾರು? ಆ ಮಿಲ್ಲಿಗೆ ಹತ್ತು ವರ್ಷದಿಂದ ಭತ್ತ ಹಾಕುತ್ತಿರುವ ರೈತ. ಚೀಲ ಪೂರೈಸುವವನು. ಪಕ್ಕದ ಶಾಲೆಯ ಮೇಷ್ಟ್ರು. ರೈತರ ದುಡ್ಡು ಹೊತ್ತಿಗೆ ಸರಿಯಾಗಿ ಬಟವಾಡೆಯಾಗುತ್ತದೋ ಇಲ್ಲವೋ, ಕರೆಂಟು ಹೋದಾಗ ಜನರೇಟರ್ ಓಡುತ್ತದೋ ಇಲ್ಲವೋ ಅನ್ನುವುದು ಇವರಿಗೆ ಪ್ರಾಸ್ಪೆಕ್ಟಸ್ ಓದದೆಯೇ ಗೊತ್ತು. ಇವರ ಕೈಯಲ್ಲಿ ಹಾಕಲು ಇರುವುದು ಇಪ್ಪತ್ತೋ ಮೂವತ್ತೋ ಸಾವಿರ. ಅವರು ಹೊರಗೆ. ಎರಡು ಲಕ್ಷ ಹಾಕಿ, ಲಿಸ್ಟಿಂಗ್ ದಿನ ಬೆಳಗ್ಗೆ ಹತ್ತಕ್ಕೆ ಮಾರಿ ಹೋಗುವವರು ಒಳಗೆ. ಕಾರಟಗಿ ನಕ್ಷೆಯಲ್ಲಿ ಎಲ್ಲಿದೆ ಅಂತ ಅವರಿಗೆ ಗೊತ್ತಿರಬೇಕಿಲ್ಲ, ಗ್ರೇ ಮಾರ್ಕೆಟ್ ಪ್ರೀಮಿಯಂ (ಲಿಸ್ಟ್ ಆಗುವ ಮುಂಚೆಯೇ ಹೊರಗಡೆ ಓಡುವ ಹೆಚ್ಚುವರಿ ಬೆಲೆ) ಗೊತ್ತಿದ್ದರೆ ಸಾಕು. ಲಿಸ್ಟ್ ಆದ ಮೇಲೂ ವ್ಯಾಪಾರ ಲಾಟ್ ಲೆಕ್ಕದಲ್ಲೇ ನಡೆಯುವುದರಿಂದ, ಊರಿನವರು ಆಮೇಲೆ ನಾಲ್ಕು ಷೇರು ಕೊಂಡಿಡೋಣ ಅಂದರೂ ಆಗುವುದಿಲ್ಲ.

ಇದಕ್ಕಿಂತ ಮೂಲದ ಪ್ರಶ್ನೆ ಒಂದಿದೆ: ಮಿಲ್ಲಿಗೆ ಬೇಕಿರುವುದು ಎಂಥ ದುಡ್ಡು? ಷೇರಿನ ದುಡ್ಡು ವಾಪಸ್ ಕೊಡಬೇಕಿಲ್ಲದ, ಒಳಗೇ ಕೂರುವ ದುಡ್ಡು. ಯಂತ್ರಕ್ಕೆ, ಗೋದಾಮಿಗೆ, ವರ್ಷವಿಡೀ ಬೇಕಾಗುವ ದುಡಿಯುವ ಬಂಡವಾಳಕ್ಕೆ ಅದು ಸರಿ. ಕೊಯ್ಲಿನ ಎರಡು ತಿಂಗಳ ಏರಿಕೆಗೆ ಅದನ್ನೇ ತಂದರೆ ಉಳಿದ ತಿಂಗಳು ಏನು ಮಾಡುವುದು? ಹೂಡಿಕೆದಾರನಿಗೆ ಆ ತಿಂಗಳುಗಳಲ್ಲೂ ಬೆಳವಣಿಗೆ ಬೇಕು. ನಮ್ಮ ವ್ಯವಹಾರವೋ ನೀರನ್ನು ನಂಬಿಕೊಂಡದ್ದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟು ಕೊಚ್ಚಿಹೋದಾಗ ಒಂದು ವಾರ ಇಡೀ ಸೀಮೆ ಉಸಿರು ಬಿಗಿಹಿಡಿದಿತ್ತು. ಮಳೆ ಚೆನ್ನಾಗಿ ಬಂದು ಜಲಾಶಯ ಮತ್ತೆ ತುಂಬಿತು, ಬಚಾವಾದೆವು. ಎರಡನೇ ಬೆಳೆ ಬರುತ್ತದೋ ಇಲ್ಲವೋ ಅನ್ನುವ ಅನಿಶ್ಚಿತತೆಯನ್ನು ಬ್ಯಾಂಕ್ ಮ್ಯಾನೇಜರ್‌ಗೆ ಹೇಳಿ ಅರ್ಥ ಮಾಡಿಸಬಹುದು. ಪರದೆಯ ಮೇಲೆ ಬೆಲೆ ನೋಡುವವರಿಗೆ ಹೇಗೆ ಹೇಳುವುದು? ಬಳ್ಳಾರಿಯ ಕಬ್ಬಿಣದ ಕೆಲಸದವರೂ ಇದನ್ನು ಉಂಡಿದ್ದಾರೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದಾಗ ಅದಿರಿನ ಮೇಲೆ ನಿಂತ ಘಟಕಗಳ ಎಲ್ಲ ಲೆಕ್ಕಾಚಾರವೂ ತಲೆಕೆಳಗಾಗಿತ್ತು.

ಜೀನ್ಸ್‌ನವರ ಮಾತು ಬೇರೆ. ಬಳ್ಳಾರಿಯಲ್ಲಿ ಕಟಿಂಗ್ ಒಂದು ಕಡೆ, ಹೊಲಿಗೆ ಮನೆಮನೆಯಲ್ಲಿ, ವಾಷಿಂಗ್ ಇನ್ನೊಂದು ಕಡೆ. ಹೆಚ್ಚಿನದು ಜಾಬ್ ವರ್ಕ್. ಇಂಥ ಯೂನಿಟ್‌ಗಳಿಗೆ ಐಪಿಒ ಮಾತು ಆಡುವುದೇ ತಮಾಷೆ. ಅವರಿಗೆ ಬೇಕಿರುವುದು ಮಾಲು ಕಳಿಸಿದ ಮೇಲೆ ದುಡ್ಡು ಬೇಗ ಬರುವುದು. ಅದಕ್ಕಾಗಿ ಕಾನೂನು ಇದೆ. ಸಣ್ಣ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ 45 ದಿನದೊಳಗೆ ಪಾವತಿ ಆಗಬೇಕು. ಸಮಯಕ್ಕೆ ಪಾವತಿಸದ ಮೊತ್ತವನ್ನು ಆ ವರ್ಷದ ಖರ್ಚಿನಲ್ಲಿ ತೋರಿಸುವಂತಿಲ್ಲ ಅಂತ ಆದಾಯ ತೆರಿಗೆ ನಿಯಮವೂ ಬಂತು. ಸರಕುಪಟ್ಟಿ ಕೊಟ್ಟು ಮುಂಗಡ ಪಡೆಯುವ ಟ್ರೆಡ್ಸ್ ವೇದಿಕೆಯೂ ಇದೆ. ಆದರೆ ಅದು ಕೆಲಸ ಮಾಡಬೇಕಾದರೆ ಕೊಳ್ಳುವವನು ಆ ವೇದಿಕೆಯಲ್ಲಿರುವ ದೊಡ್ಡ ಕಂಪನಿ ಆಗಿರಬೇಕು. ಜೀನ್ಸ್ ಕೊಳ್ಳುವ ಸಗಟು ವ್ಯಾಪಾರಿ ಹೆಚ್ಚಾಗಿ ಅಂಥವನಲ್ಲ.

ಹಾಗಾದರೆ ಮಿಲ್ಲಿನವನಿಗೆ ನಡುವಿನ ದಾರಿ ಇಲ್ಲವೇ? ಎರಡಿವೆ. ಅಡಮಾನವಿಲ್ಲದ ಸಾಲಕ್ಕೆ ಸರ್ಕಾರಿ ಖಾತರಿ ಟ್ರಸ್ಟ್ ಆದ ಸಿಜಿಟಿಎಂಎಸ್‌ಇ ಕೊಡುವ ಖಾತರಿಯ ಮಿತಿ 2025ರ ಏಪ್ರಿಲ್‌ನಿಂದ 5 ಕೋಟಿಯಿಂದ 10 ಕೋಟಿಗೆ ಏರಿದೆ. ಇದನ್ನು ಬ್ಯಾಂಕಿನವರು ತಾವಾಗಿ ಹೇಳುವುದಿಲ್ಲ, ಕೇಳಬೇಕು. ಇನ್ನೊಂದು, ಕಂಪನಿ ಕಾಯ್ದೆಯ ಖಾಸಗಿ ಹಂಚಿಕೆ. ವರ್ಷಕ್ಕೆ 200 ಜನ ಮೀರದಂತೆ, ಹೆಸರು ಗುರುತಿಸಿದ ಜನರಿಗೆ ಷೇರು ಕೊಡಬಹುದು. ಜಾಹೀರಾತು ಮಾಡುವಂತಿಲ್ಲ. ಊರಿನ ದುಡ್ಡು ಊರಿನ ಉದ್ಯಮಕ್ಕೆ ಬರಲು ಕಾನೂನು ಬಿಟ್ಟಿರುವ ಕಿಂಡಿ ಇದೊಂದೇ ಅನ್ನಬೇಕು. ಚೀಟಿ ಹಾಕಿ ಅಭ್ಯಾಸವಿರುವ ನಮ್ಮ ಜನಕ್ಕೆ ಹತ್ತಾರು ಜನ ಸೇರಿ ದುಡ್ಡು ಹೂಡುವುದು ಹೊಸದೇನಲ್ಲ. ಆದರೆ ಷೇರು ಮಾರಿ ಹೊರಬರುವ ದಾರಿ ಇದರಲ್ಲಿ ಸಲೀಸಾಗಿಲ್ಲ, ಅದನ್ನು ತಿಳಿದೇ ಹಾಕಬೇಕು.

ಈಗ ಕಂಪನಿ ಮಾಡಿಕೊಂಡು 2026-27, 2027-28 ಎರಡೂ ವರ್ಷದ ಪುಸ್ತಕವನ್ನು ಪಕ್ಕಾ ಇಟ್ಟು, ಒಂದೊಂದು ಕೋಟಿ ಲಾಭ ತೋರಿಸಿದ ಮಿಲ್ಲಿಗೂ ಆಡಿಟ್ ಮುಗಿದು ಕರಡು ಸಲ್ಲಿಸುವಷ್ಟರಲ್ಲಿ 2028ರ ಕೊನೆ ಆಗುತ್ತದೆ. ಆ ಎರಡು ವರ್ಷದ ತೆರಿಗೆ, ಸೆಕ್ರೆಟರಿ ಸಂಬಳ, ಆಡಿಟ್ ಶುಲ್ಕ ಎಲ್ಲ ಮುಂಗಡ ಖರ್ಚು. ಆಗ ಷೇರುಪೇಟೆ ಏರುಗತಿಯಲ್ಲಿರುತ್ತದೋ ಮಕಾಡೆ ಮಲಗಿರುತ್ತದೋ ಯಾರು ಬಲ್ಲರು? ಹಾಗಾಗಿ ನಮ್ಮ ಮೂರು ಜಿಲ್ಲೆಗಳಿಂದ ಸಣ್ಣವರ ಸಾಲಿನಲ್ಲಿ ಮೊದಲು ಹೋಗುವವರು ಮಿಲ್ಲಿನವರಲ್ಲ ಅಂತ ನನ್ನ ಅಂದಾಜು. ಗಿಣಿಗೇರಾ, ಬಳ್ಳಾರಿ ಸುತ್ತಮುತ್ತಲಿನ ಕಬ್ಬಿಣದ ಘಟಕಗಳಲ್ಲಿ ಈಗಾಗಲೇ ಕಂಪನಿಯಾಗಿ ನೋಂದಣಿಯಾದವು ಇವೆ, ಅವುಗಳ ಮಾಲು ಪಕ್ಕಾ ಬಿಲ್ಲಿಲ್ಲದೆ ದೊಡ್ಡ ಗಿರಾಕಿಯ ಗೇಟು ದಾಟುವುದಿಲ್ಲ. ಅವರ ಪುಸ್ತಕ ಅರ್ಧ ಸಿದ್ಧವಾಗೇ ಇರುತ್ತದೆ. ಮಿಲ್ಲಿನ ಅಣ್ಣತಮ್ಮಂದಿರು ಮಾತ್ರ ಮೊದಲು ಅಪ್ಪನ ಹೆಸರಿನ ಜಾಗದ ಖಾತೆ ಬದಲಾಯಿಸಬೇಕು.